ಪಂಕ್ತಿಯ ನಿಘಂಟುಕಾರರು

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಮದುವೆ, ಕುಬಸ, ಜಾತ್ರೆಗಳ ಊಟದಲ್ಲಿ ತಪ್ಪದೆ ಕಾಣಸಿಗುವ ಒಂದು ವರ್ಗದ ಹಿರಿಯರನ್ನು, ಅವರಿಗೆ ಶಾಸ್ತ್ರೀಯವಾದ ಬೇರೆ ಹೆಸರು ಇನ್ನೂ ದೊರೆಯದಿರುವುದರಿಂದ, ಪಂಕ್ತಿಯ ನಿಘಂಟುಕಾರರು ಎಂದು ಕರೆಯಬಹುದು. ಇವರಲ್ಲಿ ಹೆಚ್ಚಿನವರು ನಿವೃತ್ತ ಕನ್ನಡ ಮಾಸ್ತರರು. ಉಳಿದವರು ಮಾಸ್ತರಿಕೆ ಮಾಡದಿದ್ದರೂ ಊರವರನ್ನು ತಿದ್ದುವ ಕೆಲಸವನ್ನು ತಾವಾಗಿಯೇ ವಹಿಸಿಕೊಂಡವರು. ಬಿಳಿ ಧೋತರ, ಗಾಂಧಿ ಟೊಪ್ಪಿಗೆ, ಅಂಗಿಯ ಕಿಸೆಯಲ್ಲಿ ಪೆನ್ನು ಇವರ ಹೊರ ಲಕ್ಷಣಗಳಾದರೆ, ಬಡಿಸಿದ ಪದಾರ್ಥಕ್ಕೆ ಸರಿಯಾದ ಗುಣವಾಚಕ, ಎಂದರೆ ವಸ್ತುವಿನ ಗುಣವನ್ನು ಹೇಳುವ ಪದ, ಗೊತ್ತಾಗುವವರೆಗೆ ಎಲೆ ಬಿಟ್ಟು ಏಳದಿರುವುದು ಒಳ ಲಕ್ಷಣ. ಹುಡುಗಿಯ ತಂದೆ ಕೈಜೋಡಿಸಿಕೊಂಡು ಬಂದು "ಹುಗ್ಗಿ ಹೆಂಗ ಆಗೇತ್ರಿ, ಅಜ್ಜಾರ?" ಎಂದು ಕೇಳಿದಾಗ ಪಂಕ್ತಿಯ ಉಳಿದವರೆಲ್ಲ "ಭಾರಿ ಆಗೇತಿ" ಎಂದು ಮುಗಿಸುವರು, ಇವರು ಮಾತ್ರ ಕೈ ತಡೆದು, ಕಣ್ಣು ಮುಚ್ಚಿ, ತುಸು ಹೊತ್ತಿನ ನಂತರ ನುಡಿಯುವರು: "ಸಿಹಿ ಆಗೇತಪಾ. ಸವಿ ಆಗಿಲ್ಲ. ಇನ್ನೊಂದ ಸವುಟ ನೀಡು, ನೋಡಿ ಹೇಳ್ತೇನಿ."

ಈ ತೀರ್ಪಿನ ಹಿಂದಿರುವ ಸಿದ್ಧಾಂತವು ಹುರುಳಿಲ್ಲದ್ದಲ್ಲವೆಂಬುದನ್ನು ಮೊದಲೇ ಒಪ್ಪಬೇಕು. ಸಿಹಿ ಎಂಬುದು ಹಳಗನ್ನಡದ 'ಸೀ' ಶಬ್ದದ ಬಳಗದ್ದಾಗಿದ್ದು, ಆರು ರಸಗಳಲ್ಲಿ ಒಂದರ ಹೆಸರು. ಅದಕ್ಕೆ ಕಹಿಯೆಂಬ ಗೊತ್ತಾದ ಎದುರಾಳಿಯಿದೆ. ಸವಿಯಾದರೋ ತಮಿಳಿನ 'ಸುವೈ' ಎಂಬುದರ ಒಡಹುಟ್ಟಾಗಿದ್ದು, ಸಿಹಿಯನ್ನೂ ಒಟ್ಟು ರುಚಿಯನ್ನೂ ಹೇಳುವುದಲ್ಲದೆ ಕ್ರಿಯಾಪದವೂ ಆಗಬಲ್ಲದು: ಹೋಳಿಗೆಯನ್ನು ಸವಿಯಬಹುದು, ಆದರೆ ಎಂಥ ಹಸಿದವನೂ ಹೋಳಿಗೆಯನ್ನು 'ಸಿಹಿಯಲಾರ'. ಆದುದರಿಂದ ಸಿಹಿಯು ಪದಾರ್ಥದೊಳಗಿನ ಗುಣ, ಸವಿಯು ಉಣ್ಣುವವನು ಮಾಡುವ ಕೆಲಸ ಎಂಬುದು ಇವರ ಮೂಲ ಸೂತ್ರ. ಬದನೆಕಾಯಿಯ ಎಣ್ಣೆಗಾಯಿಯು ಸವಿಯಾಗಬಹುದು, ಎಂದಿಗೂ ಸಿಹಿಯಾಗದು. ಮಕ್ಕಳ ಕೆಮ್ಮಿನ ಔಷಧವು ಎಷ್ಟು ಸಿಹಿಯಾದರೂ ಯಾವ ಮಗುವೂ ಅದನ್ನು ಸವಿದದ್ದಿಲ್ಲ. ರೋಗಕ್ಕೆ ಸಿಹಿಮೂತ್ರವೆಂಬ ಹೆಸರಿದೆಯೇ ಹೊರತು ಅದನ್ನು ಸವಿಗೆ ಅಂಟಿಸುವ ಧೈರ್ಯ ಯಾವ ವೈದ್ಯನಿಗೂ ಬಂದಿಲ್ಲ. ಸರಕಾರಿ ನೌಕರರ ತುಟ್ಟಿಭತ್ಯೆ ಏರಿದಾಗ ಪತ್ರಿಕೆಗಳು 'ಸಿಹಿಸುದ್ದಿ' ಎಂದೇ ಅಚ್ಚು ಹಾಕುವುದನ್ನೂ ಇವರು ಸರಿಯೆನ್ನುತ್ತಾರೆ, ಏಕೆಂದರೆ ಆ ಸುದ್ದಿಯನ್ನು ಸವಿಯುವಷ್ಟರಲ್ಲಿ ತಿಂಗಳು ಮುಗಿದಿರುತ್ತದೆ. ಆದರೆ ನಿವೃತ್ತಿಯ ಸಮಾರಂಭದಲ್ಲಿ ಕೊಟ್ಟ ಗೋಡೆ ಗಡಿಯಾರದ ಮೇಲೆ 'ಸವಿನೆನಪಿಗಾಗಿ' ಎಂದಿರಬೇಕಾದಲ್ಲಿ 'ಸಿಹಿನೆನಪಿಗಾಗಿ' ಎಂದು ಬರೆಸಿದ್ದರೆ, ಶಾಲು ಹೊದೆಸಿಕೊಂಡ ಹೆಗಲಿನಲ್ಲಿಯೇ ಎದ್ದು ನಿಂತು ತಿದ್ದಿಸದೆ ಬಿಡುವವರಲ್ಲ.

ಗೋದಿ ಹುಗ್ಗಿಯೇ ಇವರ ಮುಖ್ಯ ಪಠ್ಯ. ಕುಟ್ಟಿ ಹೊಟ್ಟು ತೆಗೆದ ಗೋದಿಯನ್ನು ಅರಳುವವರೆಗೆ ಕುದಿಸಿ, ಬೆಲ್ಲ ಬೆರೆಸಿ, ಕೊಬ್ಬರಿ, ಗಸಗಸೆ, ಏಲಕ್ಕಿ, ಜಾಜಿಕಾಯಿ ಹಾಕಿ ಮಾಡುವ ಈ ಪಾಯಸದಂಥ ಭಕ್ಷ್ಯಕ್ಕೆ ಮೇಲಿನಿಂದ ತುಪ್ಪವನ್ನೂ ಹಾಲನ್ನೂ ನೀಡುವುದು ರೂಢಿ. ನಿಘಂಟುಕಾರರು ಮೊದಲು ತೋರುಬೆರಳಿನಿಂದ ಹುಗ್ಗಿಯ ಅಂಚನ್ನು ಸರಿಸಿ ಒಂದು ಗೋದಿಕಾಳನ್ನು ಎತ್ತಿ, ಹೆಬ್ಬೆರಳಿನಿಂದ ಒತ್ತಿ ನೋಡುವರು. ಕಾಳು ಹಿಸುಕಿದೊಡನೆ ಬೆಣ್ಣೆಯಾದರೆ ಅಡಿಗೆಯವನು ಪಾಸು. ನಡುವೆ ಗಟ್ಟಿ ತಿರುಳು ಸಿಕ್ಕಿದರೆ, ಗೋದಿ ಬೇಯುವ ಮೊದಲೇ ಬೆಲ್ಲ ಹಾಕಿದ್ದಾನೆಂಬ ಆರೋಪ ಅಲ್ಲಿಯೇ ಸಿದ್ಧವಾಗುತ್ತದೆ, ಏಕೆಂದರೆ ಬೆಲ್ಲ ಬಿದ್ದ ಮೇಲೆ ಕಾಳು ಮೆತ್ತಗಾಗುವುದಿಲ್ಲ. ಬೆಲ್ಲ ಹೆಚ್ಚಿದಂತೆ ಸಿಹಿ ಹೆಚ್ಚುವುದೇ ಹೊರತು ಸವಿ ಹೆಚ್ಚುವುದಿಲ್ಲವೆಂದೂ, ಸವಿ ಬರುವುದು ಹದದಿಂದ, ಕಡೆಯಲ್ಲಿ ಉದುರಿಸುವ ಚಿಟಿಕೆ ಉಪ್ಪಿನಿಂದ ಎಂದೂ ಇವರು ಬಡಿಸುವ ಹುಡುಗನಿಗೆ ವಿವರಿಸುವರು. ಆ ಹುಡುಗನು ಬಕೀಟು ಹಿಡಿದು ಬಗ್ಗಿದ ಭಂಗಿಯಲ್ಲಿಯೇ ಪಾಠ ಕೇಳಬೇಕಾಗುತ್ತದೆ. ಬೆಲ್ಲದಲ್ಲಿಯೂ ಭೇದವುಂಟು. ಹೈಡ್ರೋಸ್ ಎಂಬ ರಾಸಾಯನಿಕ ಬೆರೆಸಿ ಹಳದಿ ಬಣ್ಣ ತರಿಸಿದ ಬೆಲ್ಲ ಸಿಹಿಯ ಪಂಗಡಕ್ಕೂ, ಗಾಣದ ಕೊಪ್ಪರಿಗೆಯಿಂದ ಹಾಗೆಯೇ ಇಳಿದ ಕಂದು ಬೆಲ್ಲ ಸವಿಯ ಪಂಗಡಕ್ಕೂ ಸೇರುತ್ತವೆ. ಈ ವಿಂಗಡಣೆಯನ್ನು ಮಾತ್ರ ತಜ್ಞರಲ್ಲದವರೂ ತಕರಾರಿಲ್ಲದೆ ಒಪ್ಪಿಕೊಳ್ಳಬಹುದು.

ಕನ್ನಡದ ಪದಗಳ ಮೇಲೆ ತೀರ್ಪು ಕೊಡುವ ಅಧಿಕಾರ ಎಲ್ಲಿಂದ ಬಂತೆಂದು ಕೇಳಿದರೆ ಬೈಲಹೊಂಗಲದ ಕಡೆಯವರ ಬಳಿ ಉತ್ತರ ಸಿದ್ಧವಿದೆ. 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಎಂದು ಗುರುತಿಸಿದ ಪ್ರದೇಶದ ಮೇರೆಗಳಾಗಿ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಎಂಬ ನಾಲ್ಕು ಸ್ಥಳಗಳನ್ನು ಹೆಸರಿಸಿದ್ದು, ಅವುಗಳಲ್ಲಿ ಒಕ್ಕುಂದವೆಂದರೆ ಇದೇ ತಾಲ್ಲೂಕಿನ, ಮಲಪ್ರಭೆಯ ದಂಡೆಯ ವಕ್ಕುಂದ ಎಂದು ವಿದ್ವಾಂಸರು ಗುರುತಿಸಿದ್ದಾರೆ. ತಿರುಳು ತಮ್ಮ ತಾಲ್ಲೂಕಿನಲ್ಲಿರುವಾಗ ಮೈಸೂರಿನ ಕಡೆಯವರು ಹೇಳುವ ಅರ್ಥಗಳೆಲ್ಲ ಇಲ್ಲಿಯ ಮೇಲ್ಮನವಿಗೆ ಒಳಪಟ್ಟಿವೆ ಎಂಬುದು ಇವರ ನಿಲುವು. ಮಂಗಳೂರಿನಲ್ಲಿ 1894ರಲ್ಲಿ ಪ್ರಕಟವಾದ ಕಿಟ್ಟೆಲ್‌ ಕೋಶವನ್ನು ಗೌರವದಿಂದ ಕಾಣುವರಾದರೂ, ಆ ಜರ್ಮನ್ ಪಾದ್ರಿಗಳು ವಕ್ಕುಂದದ ಹುಗ್ಗಿಯನ್ನು ಉಂಡಿದ್ದರೆ ಸವಿಯ ಅರ್ಥವನ್ನು ಇನ್ನಷ್ಟು ಬೆಳೆಸುತ್ತಿದ್ದರೆಂದು ಮರುಗುವರು. ಕಿತ್ತೂರಿನ ಶಾಖೆಯವರು ಇಂಥ ಪ್ರಮಾಣಗಳನ್ನು ಅಷ್ಟಾಗಿ ನೆಚ್ಚುವುದಿಲ್ಲ. 1824ರಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆಗೆ ಬಗ್ಗದ ಊರು ಕಿಟ್ಟೆಲ್‌ಗೆ ಏಕೆ ಬಗ್ಗಬೇಕೆಂಬುದು ಅವರ ಪ್ರಶ್ನೆ.

ಸವದತ್ತಿಯಲ್ಲಿ ತೀರ್ಪು ತಡವಾಗುತ್ತದೆ. ಯಲ್ಲಮ್ಮನ ಗುಡ್ಡದಲ್ಲಿ ಪಡ್ಡಲಗಿ ತುಂಬುವ ಆಚರಣೆ, ಎಂದರೆ ಹೋಳಿಗೆ, ಕಡಬು ಮೊದಲಾದವನ್ನು ಬಿದಿರಿನ ಬುಟ್ಟಿಯಲ್ಲಿ ತುಂಬಿ ದೇವಿಗೆ ಅರ್ಪಿಸುವ ಕ್ರಮ, ಮುಗಿಯುವವರೆಗೆ ಯಾರೂ ಬಾಯಿಗೆ ಹಾಕಿ ನೋಡುವಂತಿಲ್ಲ. ಆದುದರಿಂದ ಅಲ್ಲಿಯ ನಿಘಂಟುಕಾರರು ವಾಸನೆಯಿಂದಲೇ ಕರಡು ತೀರ್ಪು ಬರೆದಿಟ್ಟುಕೊಳ್ಳುವುದನ್ನು ಕಲಿತಿದ್ದಾರೆ. ರಾಮದುರ್ಗದವರಿಗೆ ಈ ಕಟ್ಟಳೆ ಬಿಗಿಯಾಗಿ ತೋರುತ್ತದೆ, ಏಕೆಂದರೆ ಸುರೇಬಾನದ ಬಳಿಯ ಶಬರಿಕೊಳ್ಳ ಅವರ ತಾಲ್ಲೂಕಿನದು, ಮತ್ತು ಜನರ ಬಾಯಲ್ಲಿ ಬೆಳೆದ ಕಥೆಯ ಪ್ರಕಾರ ಶಬರಿ ಪ್ರತಿಯೊಂದು ಬಾರಿಹಣ್ಣನ್ನು ಕಚ್ಚಿ ನೋಡಿಯೇ ರಾಮನಿಗೆ ಕೊಟ್ಟವಳು. ಅವಳು ನೋಡಿದ್ದು ಸಿಹಿಯನ್ನೋ ಸವಿಯನ್ನೋ ಎಂಬ ಚರ್ಚೆ ಅಲ್ಲಿಯ ಪಂಕ್ತಿಗಳಲ್ಲಿ ಸಾರು ಆರುವವರೆಗೆ ನಡೆಯುವುದುಂಟು. ಶಬರಿ ಕಚ್ಚಿ ನೋಡಿದ್ದು ಸಿಹಿಯನ್ನು, ರಾಮ ಉಂಡದ್ದು ಸವಿಯನ್ನು ಎಂಬುದು ಅಲ್ಲಿ ಬಹುಮತದಿಂದ ಅಂಗೀಕೃತವಾದ ವ್ಯಾಖ್ಯಾನ. ಈ ಇಡೀ ಶಾಸ್ತ್ರದಲ್ಲಿ ಇದಕ್ಕಿಂತ ಉತ್ತಮವಾದ ವಾಕ್ಯ ಇನ್ನೊಂದಿಲ್ಲ.

ಶಾಸ್ತ್ರವೆಂದ ಮೇಲೆ ಅದಕ್ಕೊಂದು ಪ್ರಯೋಜನವಿರಲೇಬೇಕು. ಈ ವರ್ಗದ ಹಿರಿಯರಲ್ಲಿ ಬಹಳ ಮಂದಿಗೆ ಅರವತ್ತು ದಾಟುವಷ್ಟರಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡು, ವೈದ್ಯರು ಸಿಹಿಯನ್ನು ಬಿಡಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟಿರುತ್ತಾರೆ. ಸಿಹಿ ಮತ್ತು ಸವಿಗಳ ಭೇದವು ಆವರೆಗೆ ಕೇವಲ ವಿದ್ವತ್ತಿನ ವಿಷಯವಾಗಿದ್ದುದು ಅಂದಿನಿಂದ ಬದುಕಿನ ಆಧಾರವಾಗುತ್ತದೆ. "ಡಾಕ್ಟರು ಸಿಹಿ ಬ್ಯಾಡ ಅಂದಾರ, ಸವಿ ಬ್ಯಾಡ ಅಂದಿಲ್ಲ" ಎಂಬ ಒಂದೇ ಸೂತ್ರದಿಂದ ಮಾದಲಿ, ಕರದಂಟು, ಶೇಂಗಾ ಹೋಳಿಗೆಗಳೆಲ್ಲ ಒಂದೊಂದಾಗಿ ನಿಷೇಧದ ಪಟ್ಟಿಯಿಂದ ಹೊರಬೀಳುತ್ತವೆ. ಈ ವಾದವನ್ನು ಮಗನು ಖಂಡಿಸಲಾರ, ಸೊಸೆಯಂತೂ ಮಾವನ ಎದುರು ಮಾತಾಡಲಾರಳು. ಅದನ್ನು ಮುರಿಯಬಲ್ಲವರು ಮನೆಯ ಅಜ್ಜಿಯೊಬ್ಬರೇ. ಅವರು ಹುಗ್ಗಿಯ ಬೋಗುಣಿಯನ್ನು ಮೊಮ್ಮಕ್ಕಳ ಕಡೆಗೆ ಸರಿಸಿ, ಗಂಡನ ತಾಟಿಗೆ ಜೋಳದ ರೊಟ್ಟಿ, ಪುಂಡಿಪಲ್ಯ ನೀಡಿ ಇಷ್ಟೇ ಹೇಳುವರು: "ಇದ ಸಿಹಿ ಅಲ್ಲ, ಸವಿ ಐತಿ. ಉಣ್ರಿ." ಪುಂಡಿಪಲ್ಯ ಹುಳಿಯೆಂಬುದು ನಿಜವಾದರೂ ಸವಿಯಲ್ಲವೆಂದು ಹೇಳಿದರೆ ಸ್ವಂತ ಸಿದ್ಧಾಂತವೇ ಬೀಳುವುದರಿಂದ, ನಿಘಂಟುಕಾರರು ಮಾತಿಲ್ಲದೆ ರೊಟ್ಟಿ ಮುರಿಯುವರು.

ಮನೆಯಲ್ಲಿ ಸೋತವರು ಪಂಕ್ತಿಯಲ್ಲಿ ಇನ್ನಷ್ಟು ಹುರುಪಿನಿಂದ ಕೂರುತ್ತಾರಾದ್ದರಿಂದ, ಈ ಭಾಗದಲ್ಲಿ ಮದುವೆ ಹೂಡಿರುವವರು ಒಂದೆರಡು ಎಚ್ಚರ ವಹಿಸುವುದು ಒಳಿತು. ಇಂಥ ಹಿರಿಯರನ್ನು ಸಾಲಿನ ಕೊನೆಯಲ್ಲಿ ಕೂರಿಸಬೇಕು, ನಡುವೆ ಕೂರಿಸಿದರೆ ಬಕೀಟು ಮುಂದೆ ಸಾಗುವುದಿಲ್ಲ. ಹುಗ್ಗಿ ಹೇಗಾಗಿದೆ ಎಂದು ಕೇಳುವ ಮರ್ಯಾದೆಯನ್ನು ತಪ್ಪಿಸಬಾರದು. ಆದರೆ ಅದನ್ನು ಕೊಪ್ಪರಿಗೆ ಬರಿದಾದ ಮೇಲೆ, ಕೈತೊಳೆಯಲು ನೀರು ಹಾಕುತ್ತ ಕೇಳಬೇಕು.