ಇಳಿಸುವವನೇ ಒಡೆಯ

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದು ‘ಉಳುವವನೇ ಹೊಲದೊಡೆಯ’ ಅಂದರು. ಐವತ್ತು ವರ್ಷ ತುಂಬುವಷ್ಟರಲ್ಲಿ ಅದೇ ಹುಣಸೂರು, ಪಕ್ಕದ ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ಎರಡನೇ ಸುಧಾರಣೆ ಸದ್ದಿಲ್ಲದೆ ಆಗಿಹೋಗಿದೆ. ಇದಕ್ಕೆ ವಿಧಾನಸಭೆ ಬೇಕಾಗಲಿಲ್ಲ, ಭೂನ್ಯಾಯಮಂಡಳಿ ಬೇಕಾಗಲಿಲ್ಲ, ಯಾರೂ ನಮೂನೆ 7 ತುಂಬಿ ಸಾಲಿನಲ್ಲಿ ನಿಲ್ಲಲಿಲ್ಲ. ವಿಡಿಯೊ ಯಾರದ್ದಾದರೂ ಆಗಿರಲಿ, ಇಳಿಸುವವನೇ ಒಡೆಯ.

ಒಡೆತನದ ವಿಷಯದಲ್ಲಿ ನಾಲ್ಕೂ ತಾಲ್ಲೂಕಿನವರದು ಒಂದೇ ಮಾತು. ಜಗಳವಿರುವುದು ಇಳಿಸುವ ಬಗೆಯಲ್ಲಿ. ಲಿಂಕ್ ಕಾಪಿ ಮಾಡಿಕೊಂಡು ಯಾವುದಾದರೂ ವೆಬ್‌ಸೈಟಿಗೆ ಹೋಗಿ ಅಂಟಿಸಿ ಇಳಿಸಬೇಕು ಎನ್ನುವವರದು ಒಂದು ಪಂಗಡ. ಅಷ್ಟೆಲ್ಲ ಯಾಕೆ, ಒಂದು ಆ್ಯಪ್ ಹಾಕಿಸಿಕೊಂಡರೆ ಒಂದೇ ಏಟಿಗೆ ಬಂದು ಬೀಳುತ್ತದೆ ಎನ್ನುವವರದು ಇನ್ನೊಂದು. ಟೀ ಅಂಗಡಿಯಲ್ಲಿ ಇಬ್ಬರೂ ಎದುರುಬದುರು ಕೂತರೆ ಗ್ರಾಮ ಪಂಚಾಯ್ತಿ ಚುನಾವಣೆಗೂ ಇಲ್ಲದ ಕಾವು ಏರುತ್ತದೆ. ಚುನಾವಣೆಯಲ್ಲಾದರೆ ಎರಡೂ ಕಡೆಯವರಿಂದ ಇಸಕೊಂಡು ಸುಮ್ಮನಿರಬಹುದು. ಇಲ್ಲಿ ಎರಡೂ ಕಡೆಯವರು ನಮ್ಮಿಂದಲೇ ಇಸಕೊಳ್ಳುತ್ತಾರೆ.

ಬೆಂಗಳೂರಿನವರು ನಗಬಹುದು, ಈ ಕಾಲದಲ್ಲಿ ಇಳಿಸುವುದೇನು, ನೇರ ನೋಡಿದರಾಯ್ತಲ್ಲ ಅಂತ. ಅಂಥವರನ್ನು ಆಗಸ್ಟ್ ತಿಂಗಳಲ್ಲಿ ಒಂದು ರಾತ್ರಿ ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್ ಮುಂದೆ ಕೂರಿಸಬೇಕು. ಸೊಪ್ಪು ಏರಿಸಿ ಬೆಂಕಿ ಹಾಕಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಕಾವು ನೋಡಿಕೊಳ್ಳಬೇಕು. ಕಣ್ಣು ಹತ್ತಿದರೆ ಕಾವು ಹೆಚ್ಚುಕಮ್ಮಿಯಾಗಿ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟ ಬೇಲನ್ನು ಕಂಪಲಾಪುರದ ಹರಾಜಿನಲ್ಲಿ ಮೂಸಿ ನೋಡುವವರಿಲ್ಲ. ನಿದ್ದೆ ತಡೆಯಲು ಮೊದಲು ಬೀಡಿಯಿತ್ತು, ಈಗ ಫೋನಿದೆ. ಆದರೆ ಹೊಲದ ನಡುವೆ ನೆಟ್‌ವರ್ಕು ಒಂದು ಕಡ್ಡಿ ತೋರಿಸಿ ಮಾಯವಾಗುತ್ತದೆ. ಹಾಗಾಗಿ ಹಗಲಲ್ಲೇ ಊರಿಗೆ ಬಂದು ರಾತ್ರಿಗೆ ಬೇಕಾದ್ದನ್ನು ತುಂಬಿಸಿಕೊಂಡು ಹೋಗುವುದು ಚಟವಲ್ಲ, ಕಸುಬಿನ ಭಾಗ. ಎಚ್.ಡಿ. ಕೋಟೆಯದು ಇನ್ನೂ ಒಂದು ಕೈ ಮೇಲು. ಬಳ್ಳೆ ದಾಟಿ ಬಾವಲಿಗೆ ಹೋಗುವ ಕಾಡುರಸ್ತೆಯಲ್ಲಿ ಸಂಜೆ ಆರಕ್ಕೆ ಗೇಟು ಬಿದ್ದರೆ ಬೆಳಿಗ್ಗೆ ಆರರವರೆಗೆ ಗಾಡಿ ಬಿಡುವುದಿಲ್ಲ. ನೆಟ್‌ವರ್ಕು ಈ ಶಿಸ್ತನ್ನು ಹಗಲಲ್ಲೂ ಪಾಲಿಸುತ್ತದೆ.

2016ರ ಸೆಪ್ಟೆಂಬರ್ 5ಕ್ಕೆ ಜಿಯೊ ಬರುವವರೆಗೂ ಈ ಕಷ್ಟಕ್ಕೆಲ್ಲ ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಯೇ ಮದ್ದು. ಮೆಮೊರಿ ಕಾರ್ಡ್ ಕೈಗಿಟ್ಟು ‘ಅಣ್ಣಾವ್ರ ಹಾಡು ಹಾಕ್ಕೊಡಪ್ಪ, ಜೊತ್ಗೆ ಎರಡು ಪಿಚ್ಚರ್ ತುಂಬು’ ಅಂದರೆ ಹುಡುಗ ಹತ್ತಿಪ್ಪತ್ತು ರೂಪಾಯಿಗೆ ತುಂಬಿಸಿಕೊಡುತ್ತಿದ್ದ. ಕಳ್ಳಮಾಲೇ ಹೌದು. ಆದರೆ ಕಳ್ಳ ಯಾರು, ಅವನ ಅಂಗಡಿ ಎಲ್ಲಿ, ಅವರಪ್ಪ ಯಾರು ಅಂತ ಊರಿಗೆಲ್ಲ ಗೊತ್ತಿತ್ತು. ವೈರಸ್ ಬಂದರೆ ಹೋಗಿ ಬೈದು ಬರಬಹುದಿತ್ತು. ಈಗ ಬೈಯೋಣವೆಂದರೆ ವಿಳಾಸವಿಲ್ಲ.

ಜಿಯೊ ಬಂದಮೇಲೆ ಇನ್ನೊಂದು ಪೀಡೆ ಅಂಟಿತು. ದಿನಕ್ಕೆ ಒಂದೂವರೆಯೋ ಎರಡೋ ಜಿಬಿ ಪ್ಯಾಕು, ರಾತ್ರಿ ಹನ್ನೆರಡಕ್ಕೆ ಉಳಿದದ್ದೆಲ್ಲ ಮಣ್ಣುಪಾಲು. ಕಣದಲ್ಲಿ ಚೆಲ್ಲಿದ ರಾಗಿಯನ್ನೂ ಗೋರಿಕೊಳ್ಳುವ ಜನ ನಾವು, ದುಡ್ಡು ಕೊಟ್ಟ ಡೇಟಾ ಚೆಲ್ಲಲು ಬಿಟ್ಟೇವೆಯೇ? ಹನ್ನೊಂದೂವರೆ ಹೊಡೆಯಿತೆಂದರೆ ಇಳಿಸುವ ಕಾಯಕ ಶುರು. ಏನನ್ನು ಇಳಿಸಬೇಕು ಎನ್ನುವುದು ಆಮೇಲಿನ ಮಾತು. ಮೂಲವ್ಯಾಧಿಗೆ ಮನೆಮದ್ದು, ಗುಂಡಿಗೆ ಬಿದ್ದ ಟ್ರ್ಯಾಕ್ಟರು, ಯಾವುದೋ ದೇಶದಲ್ಲಿ ಯಾರೋ ತೋಡುತ್ತಿರುವ ಈಜುಕೊಳ. ನೋಡಲೇಬೇಕು ಅಂತೇನಿಲ್ಲ. ಇದ್ದರೆ ಒಳ್ಳೆಯದು.

ಇನ್ನು ವೆಬ್‌ಸೈಟ್ ಪಂಗಡದವರ ಪಾಡು. ಲಿಂಕ್ ಅಂಟಿಸಿದ ಕೂಡಲೇ ಪರದೆ ತುಂಬ ಹಸಿರು, ಕೆಂಪು, ನೀಲಿ ಡೌನ್‌ಲೋಡ್ ಬಟನ್‌ಗಳು ಏಳುತ್ತವೆ. ಅಸಲಿ ಬಟನ್ ಎಲ್ಲಕ್ಕಿಂತ ಚಿಕ್ಕದಾಗಿ, ಬಣ್ಣವಿಲ್ಲದೆ, ಮೂಲೆಯಲ್ಲಿ ಮುದುರಿಕೊಂಡಿರುತ್ತದೆ. ಮೊದಲನೆಯದನ್ನು ಒತ್ತಿದರೆ ರಮ್ಮಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟವನ್ನು 2025ರಲ್ಲಿ ಸಂಸತ್ತು ನಿಷೇಧಿಸಿದ ಸುದ್ದಿ ಈ ಬಟನ್‌ಗೆ ಇನ್ನೂ ತಲುಪಿಲ್ಲ. ಎರಡನೆಯದನ್ನು ಒತ್ತಿದರೆ ‘ನಿಮ್ಮ ಫೋನಿನಲ್ಲಿ ವೈರಸ್ ಇದೆ’ ಎಂಬ ಘೋಷಣೆ. ಸುಳ್ಳೇನಲ್ಲ, ಸ್ವಲ್ಪ ಮುಂಚೆ ಹೇಳಿದ್ದಾರೆ ಅಷ್ಟೆ. ಮೂರನೆಯದು ನಿಮ್ಮಿಂದ ಎರಡೇ ಕಿಲೋಮೀಟರ್ ದೂರದಲ್ಲಿ ಒಂಟಿ ಹೆಣ್ಣೊಬ್ಬಳು ಮಾತಿಗೆ ಕಾಯುತ್ತಿದ್ದಾಳೆ ಎನ್ನುತ್ತದೆ. ಎಚ್.ಡಿ. ಕೋಟೆಯ ಅಂತರಸಂತೆಯಾಚೆ ಕಾಡಂಚಿನಲ್ಲಿ ಕೂತು ಇದನ್ನು ಓದಿದವನಿಗೆ ಗೊತ್ತು, ಎರಡು ಕಿಲೋಮೀಟರ್ ದೂರದಲ್ಲಿ ಒಂಟಿಯಾಗಿ ಕಾಯುವುದು ಸಲಗ ಮಾತ್ರ.

ಕೊನೆಗೊಂದು ಪರೀಕ್ಷೆ: ‘ನೀವು ರೋಬೊ ಅಲ್ಲದಿದ್ದರೆ ಅನುಮತಿಸು ಒತ್ತಿ.’ ಕೆ.ಆರ್. ನಗರದ ನಿವೃತ್ತ ಮೇಷ್ಟ್ರೊಬ್ಬರು ಚುಂಚನಕಟ್ಟೆ ಜಾತ್ರೆಯ ಎತ್ತುಗಳ ವಿಡಿಯೊ ಇಳಿಸಲು ಹೋಗಿ, ಮೂವತ್ತು ವರ್ಷ ಪಾಠ ಹೇಳಿದ ತಾನು ರೋಬೊ ಅಲ್ಲವೆಂದು ಸಾಬೀತು ಮಾಡುವ ಆತುರದಲ್ಲಿ ಒತ್ತಿಬಿಟ್ಟರು ಎನ್ನಿ. ಒತ್ತಿದ್ದು ನೋಟಿಫಿಕೇಶನ್‌ಗೆ. ಅವತ್ತಿನಿಂದ ಅವರ ಫೋನಿಗೆ ಗಂಟೆಗೊಮ್ಮೆ ಬರಬಾರದ ಚಿತ್ರ ಬರುತ್ತದೆ, ಅದೂ ಮೊಮ್ಮಕ್ಕಳು ಪಕ್ಕದಲ್ಲಿ ಕೂತಾಗಲೇ. ಇದು ನಮ್ಮ ಹಳ್ಳಿಗಾಡಿನ ಗೋಳು ಮಾತ್ರ ಅಂದುಕೊಳ್ಳಬೇಡಿ. 2025ರ ಮಾರ್ಚಿನಲ್ಲಿ ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿಯೇ ಪುಕ್ಕಟೆ ಕನ್ವರ್ಟರ್, ಎಂಪಿ3–ಎಂಪಿ4 ಇಳಿಸುವ ಸಾಧನಗಳ ಹೆಸರಿನಲ್ಲಿ ಕಳ್ಳರು ಕೂತಿದ್ದಾರೆ ಎಂದು ತನ್ನವರನ್ನು ಎಚ್ಚರಿಸಿತು.

‘ಗೌಡ್ರೆ, ಆ ಸೈಟ್ ಕಟ್ಕಂಡು ಯಾಕ್ ಒದ್ದಾಡ್ತೀರಾ? ಒಂದು ಆ್ಯಪ್ ಹಾಕ್ಕೊಡ್ತೀನಿ ಬುಡಿ.’ ಇದು ಅಂಗಡಿ ಹುಡುಗನ ಮಾತು. ಅವನು ಹೇಳುವ ಆ್ಯಪು ಪ್ಲೇ ಸ್ಟೋರಿನಲ್ಲಿ ಸಿಗುವುದಿಲ್ಲ. ಯೂಟ್ಯೂಬೂ ಪ್ಲೇ ಸ್ಟೋರೂ ಗೂಗಲ್ಲಿನವೇ. ಒಂದಕ್ಕೆ ಕನ್ನ ಹಾಕುವ ಆ್ಯಪನ್ನು ಇನ್ನೊಂದರಲ್ಲಿ ಇಡಲು ಅವರು ಬಿಡುವುದಿಲ್ಲ. ಹಾಗಾಗಿ ಎಪಿಕೆ ಎನ್ನುವ ಫೈಲು ಹಿಂಬಾಗಿಲಿನಿಂದ ಬರುತ್ತದೆ. ಅಪರಿಚಿತ ಮೂಲ, ಹಾನಿಯಾಗಬಹುದು ಎಂದು ಫೋನು ಬಾಯಿ ಬಡಿದುಕೊಳ್ಳುತ್ತದೆ. ‘ಅದು ಹಂಗೇ ಹೇಳ್ತದೆ’ ಎಂದು ಹುಡುಗ ಅದರ ಬಾಯಿ ಮುಚ್ಚಿಸುತ್ತಾನೆ. ಒಳಗೆ ಕಾಲಿಟ್ಟ ಆ್ಯಪು ಒಂದೊಂದಾಗಿ ಕೇಳುತ್ತದೆ. ಕಾಂಟ್ಯಾಕ್ಟ್ ನೋಡಲೇ? ನೋಡು. ಎಸ್‌ಎಂಎಸ್ ಓದಲೇ? ಓದು. ಎಲ್ಲಿದ್ದೀರಿ ಅಂತ ತಿಳಿಯಲೇ? ತಿಳ್ಕೊ. ಮಗಳನ್ನು ಪಕ್ಕದ ತಾಲ್ಲೂಕಿಗೆ ಕೊಡುವಾಗ ಗಂಡಿನ ಕಡೆ ನೀರಾವರಿ ಎಷ್ಟು, ಬ್ಯಾರನ್ ಎಷ್ಟು, ಸೋದರಮಾವ ಕುಡಿಯುತ್ತಾನೋ ಹೇಗೆ ಎಂದು ಏಳು ತಲೆಮಾರು ಜಾಲಾಡುವ ಗೌಡರು, ಊರು ಹೆಸರಿಲ್ಲದವನೊಬ್ಬನಿಗೆ ಬ್ಯಾಂಕಿನ ಒಟಿಪಿ ಬಂದು ಬೀಳುವ ಜಾಗವನ್ನು ಅರೆ ನಿಮಿಷದಲ್ಲಿ ಬಿಟ್ಟುಕೊಡುತ್ತಾರೆ. ಹಾಡು ಇಳಿಸುವವನಿಗೆ ಎಸ್‌ಎಂಎಸ್ ಯಾಕಪ್ಪ ಅಂತ ಕೇಳಿದರೆ ಹುಡುಗ ‘ಫಾರ್ಮಾಲಿಟಿ ಕಣಣ್ಣ’ ಅನ್ನುತ್ತಾನೆ.

ಆ ಫಾರ್ಮಾಲಿಟಿ ಎಂಥದ್ದು ಅಂತ 2019ರಲ್ಲಿ ಲಂಡನ್ನಿನ ಅಪ್‌ಸ್ಟ್ರೀಮ್ ಎಂಬ ಭದ್ರತಾ ಸಂಸ್ಥೆ ಬಿಡಿಸಿ ಹೇಳಿತ್ತು. ವಿಡ್‌ಮೇಟ್, ಸ್ನ್ಯಾಪ್‌ಟ್ಯೂಬ್ ಎಂಬ ಎರಡು ಜನಪ್ರಿಯ ಆ್ಯಪ್‌ಗಳು ಬಳಸುವವನಿಗೆ ಕಾಣದಂತೆ ಹಿಂದಿನಿಂದ ಜಾಹೀರಾತು ಒತ್ತುತ್ತಿವೆ, ಕೇಳದ ಸೇವೆಗಳಿಗೆ ಚಂದಾ ಹಾಕಿಸಲು ನೋಡುತ್ತಿವೆ ಎಂಬುದು ಅದರ ಆರೋಪ. ತಪ್ಪು ನಮ್ಮದಲ್ಲ, ಒಳಗೆ ಸೇರಿಕೊಂಡಿದ್ದ ಬೇರೆಯವರ ಕೋಡಿನದು ಎಂಬುದು ಕಂಪನಿಗಳ ಸಮಜಾಯಿಷಿ. ನಾನು ಕದ್ದಿಲ್ಲ ಸ್ವಾಮಿ, ನನ್ನ ಜೊತೆ ಬಂದವನು ಕದ್ದ. ಈ ಹೇಳಿಕೆಯನ್ನು ನಮ್ಮ ಯಾವುದಾದರೂ ಠಾಣೆಯಲ್ಲಿ ಕೊಟ್ಟು ನೋಡಿ, ಏನಾಗುತ್ತದೆ ಅಂತ. ಈಚೆಗೆ ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಹೆಸರಿನಲ್ಲೂ ವಾಟ್ಸ್ಆ್ಯಪ್‌ಗೆ ಎಪಿಕೆ ಬರುತ್ತಿದೆ. ವಿಡಿಯೊದ ಆಸೆಗೆ ‘ಅದು ಹಂಗೇ ಹೇಳ್ತದೆ’ ಕಲಿತ ಬೆರಳು ಅಲ್ಲೂ ಅಳುಕದೆ ಒತ್ತುತ್ತದೆ.

ಹಬ್ಬಕ್ಕೆ ಊರಿಗೆ ಬರುವ ಬೆಂಗಳೂರಿನ ಇಂಜಿನಿಯರ್ ಮಗನದು ಮೂರನೇ ಪಂಗಡ. ಲ್ಯಾಪ್‌ಟಾಪಿನ ಕಪ್ಪು ಪರದೆಯಲ್ಲಿ ಏನೋ ಗೀಚಿ ಜಾಹೀರಾತಿಲ್ಲದೆ ಇಳಿಸುತ್ತಾನೆ. ಯೂಟ್ಯೂಬ್-ಡಿಎಲ್ ಎಂಬ ಆ ಸಾಧನವನ್ನು 2020ರ ಅಕ್ಟೋಬರಿನಲ್ಲಿ ಅಮೆರಿಕದ ಹಾಡಿನ ಕಂಪನಿಗಳ ಸಂಘ ಗಿಟ್‌ಹಬ್ ಎಂಬ ಕೋಡ್ ತಾಣದಿಂದ ತೆಗೆಸಿತ್ತು, ಮುಂದಿನ ತಿಂಗಳೇ ಅದು ವಾಪಸ್ ಬಂತು. ಪಕ್ಕದಲ್ಲಿ ನಿಂತು ನೋಡುವ ಅವರಪ್ಪನಿಗೆ ಮಗ ಬ್ಯಾಂಕು ಒಡೆಯುತ್ತಿದ್ದಾನೆ ಎಂಬ ಅನುಮಾನ. ಇವನ ಉಪಕಾರ ಹಬ್ಬ ಮುಗಿಯುವವರೆಗೆ ಮಾತ್ರ.

ಯೂಟ್ಯೂಬೇ ಒಂದು ದಾರಿ ಕೊಟ್ಟಿದೆಯಲ್ಲ ಎಂದು ಯಾರೂ ಕೇಳುವುದಿಲ್ಲ. ಕೆಲವು ವಿಡಿಯೊಗಳನ್ನು ಪುಕ್ಕಟೆಯಾಗಿ ಉಳಿಸಿಕೊಂಡು 48 ಗಂಟೆ ನೋಡುವ ಅನುಕೂಲ ಭಾರತಕ್ಕೆ 2014ರ ಡಿಸೆಂಬರಿನಲ್ಲೇ ಬಂತು. ಜಾಹೀರಾತಿಲ್ಲದ ಪ್ರೀಮಿಯಂ 2019ರಲ್ಲಿ ತಿಂಗಳಿಗೆ 129 ರೂಪಾಯಿಗೆ ಬಂದು, 2024ರಲ್ಲಿ 149ಕ್ಕೆ ಏರಿತು. ಬ್ಯಾರನ್ ಮುಂದಿನ ರಾತ್ರಿಗೆ ಅಷ್ಟು ಸಾಕು. ಆದರೆ ಹಾಗೆ ಉಳಿಸಿದ್ದು ಯೂಟ್ಯೂಬಿನೊಳಗೇ ಇರುತ್ತದೆ, ಗ್ಯಾಲರಿಗೆ ಬರುವುದಿಲ್ಲ, ಭಾವಮೈದನಿಗೆ ಕಳಿಸಲಾಗುವುದಿಲ್ಲ, ಸ್ಟೇಟಸ್‌ಗೆ ಹಾಕಲಾಗುವುದಿಲ್ಲ. ಅನುಭವಿಸಲು ಬಿಟ್ಟು ಖಾತೆ ಮಾಡಿಕೊಡದ ಜಮೀನನ್ನು ಅರಸು ಅವರ ಊರಿನವರು ಒಪ್ಪುವುದು ಹೇಗೆ?

ಖಾತೆ ಮಾಡಿಸಿಕೊಳ್ಳುವ ಕ್ರಮವೂ ನೋಡುವಂಥದ್ದು. ಹುಣಸೂರಿನ ವೀರನಹೊಸಹಳ್ಳಿಯಿಂದ ದಸರಾ ಆನೆಗಳ ಗಜಪಯಣ ಹೊರಡುವ ದಿನ ಹಳ್ಳಿ ಹುಡುಗನೊಬ್ಬ ಬಿಸಿಲಲ್ಲಿ ನಿಂತು ವಿಡಿಯೊ ತೆಗೆದು ತನ್ನ ಚಾನೆಲ್‌ಗೆ ಹಾಕುತ್ತಾನೆ. ಸಂಜೆಯೊಳಗೆ ಅದು ಮೂರು ಬೇರೆ ಚಾನೆಲ್‌ಗಳ ಮೊಹರು ಹೊತ್ತು, ಸಿನಿಮಾ ಹಾಡು ತುಂಬಿಕೊಂಡು ಅವನ ವಾಟ್ಸ್ಆ್ಯಪಿಗೇ ವಾಪಸ್ ಬರುತ್ತದೆ, ‘ಸೂಪರ್ ಆಗಿದೆ ನೋಡಣ್ಣ’ ಎಂಬ ಶಿಫಾರಸಿನೊಂದಿಗೆ. 2023ರ ಡಿಸೆಂಬರ್ 4ರಂದು, ಎಂಟು ಸಲ ಚಿನ್ನದ ಅಂಬಾರಿ ಹೊತ್ತಿದ್ದ ಬಳ್ಳೆ ಶಿಬಿರದ ಅರ್ಜುನ ಸಕಲೇಶಪುರದ ಕಡೆ ಕಾಡಾನೆಯೊಂದಿಗಿನ ಕಾಳಗದಲ್ಲಿ ಸತ್ತಾಗಲೂ ಹಾಗೇ. ಯಾರೋ ತೆಗೆದ ಹಳೆಯ ವಿಡಿಯೊ ಇಳಿಸಿ, ಅರ್ಜುನನಿಗಿಂತ ದೊಡ್ಡದಾಗಿ ತಮ್ಮ ಫೋಟೊ ಅಂಟಿಸಿ ಕಣ್ಣೀರು ಹಾಕಿದವರಿಗೆ ಲೆಕ್ಕವಿಲ್ಲ.

ಬೇರೆಯವರ ಕೃತಿಯನ್ನು ಹೀಗೆ ಗೊತ್ತಿದ್ದೂ ಹಂಚಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲಿದೆ. ನಾವು ಗೂಂಡಾ ಕಾಯ್ದೆ ಎಂದು ಕರೆಯುವ 1985ರ ಕರ್ನಾಟಕ ಕಾಯ್ದೆಯ ಪೂರ್ತಿ ಹೆಸರಿನಲ್ಲಿ ಕಳ್ಳಭಟ್ಟಿಯವರು, ಜೂಜುಕೋರರು, ಕೊಳೆಗೇರಿ ಕಬಳಿಸುವವರ ಜೊತೆಗೆ ವಿಡಿಯೊ–ಆಡಿಯೊ ಕಳ್ಳರಿಗೂ ಒಂದು ಸೀಟಿದೆ. ಈ ಗೌರವ ತಮಗಿರುವುದು ಎಷ್ಟೋ ಸಂಭಾವಿತರಿಗೆ ತಿಳಿದೇ ಇಲ್ಲ.

ಎರಡೂ ಪಂಗಡದವರು ನ್ಯಾಯ ಹೇಳು ಎಂದು ಹಿಡಿದು ಕೂರಿಸಿದರೆ ನನ್ನ ಓಟು ವೆಬ್‌ಸೈಟಿಗೆ. ಅದು ಸಾಚಾ ಅಂತಲ್ಲ. ‘ಅನುಮತಿಸು’ ಒತ್ತದಿದ್ದರೆ, ವಿಡಿಯೊದ ಬದಲು ಎಪಿಕೆ ಇಳಿದಾಗ ತೆರೆಯದೆ ಅಳಿಸಿದರೆ, ಅದರ ಆಟ ಆ ಪುಟ ಮುಚ್ಚುವವರೆಗೆ. ಆ್ಯಪು ಒಳಗೇ ಬಿಡಾರ ಹೂಡುತ್ತದೆ; ನೀವು ಬ್ಯಾರನ್ ಮುಂದೆ ತೂಕಡಿಸುವಾಗ ಅದು ಎದ್ದು ಕೂತಿರುತ್ತದೆ. ಇವೆರಡಕ್ಕೂ ಮೊದಲು ಯೂಟ್ಯೂಬಿನೊಳಗಿನ ಬಟನ್ ಒತ್ತಿ ನೋಡಿ. ಊರಿನ ಹುಡುಗನದೇ ವಿಡಿಯೊ ಆದರೆ ಅವನನ್ನೇ ಕೇಳಿ, ಖುಷಿಯಿಂದ ಕಳಿಸುತ್ತಾನೆ. ಆ್ಯಪ್ ಹಾಕಿಸಿಕೊಂಡು ಆಗಲೇ ಖಾತೆಯಿಂದ ದುಡ್ಡು ಹೋಗಿದ್ದರೆ ನಾಚಿಕೆ ಬಿಟ್ಟು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯಲು ದಾರಿಯಿರುತ್ತದೆ. ಎಚ್.ಡಿ. ಕೋಟೆಯವರು ದಯವಿಟ್ಟು ದಿಬ್ಬ ಹತ್ತಿ ಮಾಡಿ.