ಸ್ಥಿತಪ್ರಜ್ಞನಿಗೆ ನೆಗಡಿ

ಗೀತೆಯ ಎರಡನೆಯ ಅಧ್ಯಾಯದಲ್ಲಿ ಸ್ಥಿತಪ್ರಜ್ಞನ ಲಕ್ಷಣ ಹೇಳುವಾಗ ಶ್ರೀಕೃಷ್ಣ ಆಮೆಯನ್ನು ಎಳೆದು ತರುತ್ತಾನೆ. ಆಮೆ ಕೈಕಾಲು ಒಳಗೆಳೆದುಕೊಳ್ಳುವ ಹಾಗೆ ಇಂದ್ರಿಯಗಳನ್ನು ಒಳಕ್ಕೆ ಸೆಳೆದುಕೊಂಡವನೇ ಜ್ಞಾನಿಯಂತೆ. ಮಂದರ ಪರ್ವತವನ್ನು ಬೆನ್ನ ಮೇಲೆ ಹೊತ್ತೂ ಉಸ್ಸೆನ್ನದ ಕೂರ್ಮಾವತಾರದ ಪುಣ್ಯ ಬೇರೆ. ಹೀಗಾಗಿ ಆಮೆಗೆ ನಮ್ಮಲ್ಲಿ ಭಾರಿ ಒಳ್ಳೆಯ ಹೆಸರು. ಅಲ್ಲಾಡದೆ ಕೂತರೆ ಧ್ಯಾನ, ಉಣ್ಣದಿದ್ದರೆ ಉಪವಾಸ, ಕಣ್ಣು ಮುಚ್ಚಿದರೆ ಸಮಾಧಿ. ಇಷ್ಟು ಒಳ್ಳೆಯ ಹೆಸರಿರುವ ಪ್ರಾಣಿಗೆ ಕಾಯಿಲೆ ಬಂದರೆ ಯಾರ ಗಮನಕ್ಕೂ ಬರುವುದಿಲ್ಲ.

ಚೆನ್ನೈನ ಅಡ್ಯಾರ್‌ನಲ್ಲಂತೂ ಈ ಅಪಾಯ ಇನ್ನೂ ಹೆಚ್ಚು. ಥಿಯಾಸಾಫಿಕಲ್ ಸೊಸೈಟಿ 1882ರಲ್ಲೇ ಅಲ್ಲಿಯ ನದೀ ದಡಕ್ಕೆ ಬಂದು ನೆಲೆಸಿತು. ಮುಂದೆ ಅದರ ಅಧ್ಯಕ್ಷೆಯಾದ ಆನಿ ಬೆಸೆಂಟ್ 1895ರಲ್ಲಿ ಗೀತೆಯನ್ನು ಇಂಗ್ಲಿಷಿಗೆ ತಂದಿದ್ದರು. ಸೊಸೈಟಿಯ ತೋಟದ ಹಳೆಯ ಆಲದ ಮರ 1989ರ ಬಿರುಗಾಳಿಗೆ ನಡುಕಾಂಡ ಕಳೆದುಕೊಂಡೂ ಬಿಳಲುಗಳ ಮೇಲೆ ನಿಂತುಬಿಟ್ಟಿದೆ. ಮರಗಳೇ ಇಷ್ಟು ನಿರ್ಲಿಪ್ತವಾಗಿರುವ ಊರಿನಲ್ಲಿ ಆಮೆಯೊಂದು ಸುಮ್ಮನಿದ್ದರೆ ಯಾರಿಗೆ ಅನುಮಾನ ಬರಬೇಕು?

ಆ ಆಮೆ ಗಾಂಧಿನಗರದ ನನ್ನ ಅಕ್ಕನ ಫ್ಲಾಟಿನದು. ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ರೆಡ್ ಇಯರ್ಡ್ ಸ್ಲೈಡರ್, ಅಮೆರಿಕ ಮೂಲದ್ದು. ಅಲಂಕಾರ ಮೀನುಗಳ ವ್ಯಾಪಾರಕ್ಕೆ ಹೆಸರಾದ ಕೊಳತ್ತೂರಿನಿಂದ ಅಕ್ಕನ ಮಗ ತಂದದ್ದು. ಭಾವ ಅದಕ್ಕೆ ಕೂರ್ಮಾಚಾರ್ಯ ಎಂದು ನಾಮಕರಣ ಮಾಡಿದ್ದರು. ಆಚಾರ್ಯರ ಆಹಾರ ಮಾತ್ರ ಒಣ ಸೀಗಡಿ. ಏಕಾದಶಿಯ ದಿನ ಈರುಳ್ಳಿಯನ್ನೂ ಒಳಗೆ ಬಿಡದ ಅಕ್ಕ ಆ ಡಬ್ಬವನ್ನು ಬಾಲ್ಕನಿಯಲ್ಲಿ, ವಾಷಿಂಗ್ ಮೆಷಿನ್ನಿನ ಹಿಂದೆ, ಗಡೀಪಾರು ಮಾಡಿದ್ದಳು.

ತಮಿಳರ ಮಾರ್ಗಳಿ ಮಾಸದ ಚಳಿ ಬಂತು. ಇಪ್ಪತ್ತೆರಡು ಡಿಗ್ರಿಗೇ ಮಂಕಿ ಕ್ಯಾಪ್ ತೊಟ್ಟು ಸಂಗೀತ ಕಚೇರಿಗೆ ಹೋಗುವ ಊರು ಅದು. ಆದರೆ ಹುಡುಗನ ಕೋಣೆಯಲ್ಲಿ ಹನ್ನೆರಡು ತಿಂಗಳೂ ಏಸಿ, ಏಸಿಯ ಎದುರಿಗೇ ಆಮೆಯ ತೊಟ್ಟಿ.

ಮೊದಲು ಆಮೆ ಊಟ ಬಿಟ್ಟಿತು. ಭಾವ ‘ಏಕಾದಶಿ’ ಎಂದರು. ಆಮೇಲೆ ಕತ್ತು ಚಾಚಿ, ಬಾಯಿ ತೆರೆದು ಮೇಲಕ್ಕೆ ನೋಡತೊಡಗಿತು. ‘ಸೂರ್ಯನಮಸ್ಕಾರ’ ಎಂದರು. ಮೂಗಿನಲ್ಲಿ ಗುಳ್ಳೆ ಬಂತು, ಉಸಿರಿಗೊಮ್ಮೆ ಸುಯ್ ಎನ್ನುವ ಸದ್ದು. ‘ಪ್ರಾಣಾಯಾಮ’ ಎಂದರು. ಈಜುವಾಗ ಎಡಕ್ಕೆ ವಾಲಿತು. ಅದಕ್ಕೆ ಮಾತ್ರ ಯೋಗಶಾಸ್ತ್ರದಲ್ಲಿ ಹೆಸರು ಸಿಗದೆ ಭಾವ ಸುಮ್ಮನಾದರು. ಹುಡುಗ ಅಳತೊಡಗಿದ.

ಪಕ್ಕದ ಮನೆಯ ಮಾಮಿ ಬಂದು ಇಣುಕಿ, ‘ಜಲದೋಷಂ’, ಅಂದರೆ ನೆಗಡಿ, ಎಂದು ಒಂದೇ ಮಾತಿನಲ್ಲಿ ಹೇಳಿದರು. ರೋಗ ಹಿಡಿದದ್ದು ಸರಿಯಾಗಿಯೇ ಇತ್ತು. ಆದರೆ ಮೆಣಸಿನ ಸಾರು, ವಿಕ್ಸ್, ಸಾಂಬ್ರಾಣಿ ಹೊಗೆ ಎಂದು ಅವರು ಕೊಟ್ಟ ಮದ್ದಿನ ಪಟ್ಟಿಯಲ್ಲಿ ಒಂದೂ ಆಮೆಗೆ ಆಗಿಬರುವಂಥದ್ದಲ್ಲ. ಹತ್ತಿರದ ನಾಯಿ ಡಾಕ್ಟರು ‘ಚಿಪ್ಪಿನ ಗಿರಾಕಿಗಳನ್ನು ನಾನು ನೋಡುವುದಿಲ್ಲ’ ಎಂದರು. ಕೊನೆಗೆ ಬಕೆಟ್ ಹಿಡಿದು ವೇಪೇರಿಗೆ ಹೋದೆವು. 1903ರಲ್ಲಿ ಶುರುವಾದ ಮದ್ರಾಸ್ ಪಶುವೈದ್ಯ ಕಾಲೇಜಿನ ಆಸ್ಪತ್ರೆ ಅಲ್ಲಿದೆ. ಸಾಲಿನಲ್ಲಿ ಬೊಗಳುವವರು, ಮಿಯಾಂವ್ ಎನ್ನುವವರು ಎಲ್ಲ ಇದ್ದರು. ದೂರು ಹೇಳದ ರೋಗಿ ನಮ್ಮದೊಂದೇ.

ಅಲ್ಲಿ ತಿಳಿದದ್ದಿಷ್ಟು. ನಮಗೆ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಆಮೆಗಿಲ್ಲ. ಪಕ್ಕೆಲುಬುಗಳು ಚಿಪ್ಪಿಗೇ ಬೆಸೆದುಕೊಂಡಿರುವುದರಿಂದ ಎದೆ ಉಬ್ಬಿಸುವಂತೆಯೂ ಇಲ್ಲ. ಹೊಟ್ಟೆಯ ಮತ್ತು ಕಾಲ ಬುಡದ ಸ್ನಾಯುಗಳನ್ನು ಆಡಿಸಿಯೇ ಉಸಿರೆಳೆಯಬೇಕು. ಕಫ ಕಟ್ಟಿದರೆ ನಮ್ಮ ಹಾಗೆ ಕೆಮ್ಮಿ ಹೊರಹಾಕಲು ಬಾರದು. ಬೆನ್ನ ಚಿಪ್ಪಿನ ಕೆಳಗೇ ಇರುವ ಶ್ವಾಸಕೋಶಗಳೇ ಅದನ್ನು ನೀರಿನಲ್ಲಿ ತೇಲಿಸುವುದೂ ಕೂಡ. ಒಂದು ಬದಿಗೆ ನ್ಯುಮೋನಿಯಾ ತಗುಲಿ ದ್ರವ ತುಂಬಿದರೆ ಮೈ ಆ ಕಡೆಗೆ ವಾಲುತ್ತದೆ. ಶೀತರಕ್ತದ ಪ್ರಾಣಿಯಾದ್ದರಿಂದ ಮೈ ತಣ್ಣಗಾದರೆ ರೋಗವನ್ನು ಎದುರಿಸುವ ಶಕ್ತಿಯೂ ಕುಗ್ಗುತ್ತದೆ. ಬರೀ ಒಣ ಸೀಗಡಿಯಿಂದ ಎ ಜೀವಸತ್ವದ ಕೊರತೆಯಾದರೆ ಶ್ವಾಸನಾಳದ ಒಳಪೊರೆ ಕೆಟ್ಟು ಬ್ಯಾಕ್ಟೀರಿಯಾಗಳಿಗೆ ದಾರಿಯಾಗುತ್ತದೆ, ಕಣ್ಣೂ ಊದಿಕೊಳ್ಳುತ್ತದೆ.

ಗ್ರಾಂ ಲೆಕ್ಕದಲ್ಲಿ ತೂಕ, ಎಕ್ಸ್‌ರೇ, ಆಮೇಲೆ ಆಂಟಿಬಯಾಟಿಕ್ ಚುಚ್ಚುಮದ್ದು. ಅದೂ ಮುಂಗಾಲಿಗೆ, ಮೈಯ ಹಿಂಭಾಗದ ರಕ್ತ ಮೊದಲು ಮೂತ್ರಪಿಂಡದ ಕಡೆಗೆ ಹೋಗುವುದರಿಂದ ಹಿಂಗಾಲನ್ನು ತಪ್ಪಿಸುವುದು ವಾಡಿಕೆ. ಆಮೆಯ ಮೈಯಲ್ಲಿ ಔಷಧವೂ ಆಮೆಯ ನಡಿಗೆಯಲ್ಲೇ ಸಾಗುತ್ತದೆ. ಆದ್ದರಿಂದ ಕೆಲವು ಮದ್ದುಗಳನ್ನು ಎರಡು ಮೂರು ದಿನಕ್ಕೊಮ್ಮೆ ಕೊಟ್ಟರೆ ಸಾಕು, ಆದರೆ ವಾರಗಟ್ಟಲೆ ಬಿಡದೆ ಕೊಡಬೇಕು. ನಮ್ಮ ಮಾತ್ರೆಯನ್ನು ಅರ್ಧ ಮುರಿದು ಕೊಡುವ ಸಾಹಸ ಬೇಡವೇ ಬೇಡ.

ಮನೆಯಲ್ಲಿ ನೀರನ್ನು 28 ಡಿಗ್ರಿಯಲ್ಲಿಡಲು ಹೀಟರ್ ಬಂತು. ಮೈ ಒಣಗಿಸಿಕೊಳ್ಳಲು ಒಂದು ಕಲ್ಲು, ಅದರ ಮೇಲೆ ದೀಪ. ಅಲ್ಲಿ 32 ಡಿಗ್ರಿ. ಆಮೆಗೆ ಬೇಕಾದ ನೇರಳಾತೀತ ಕಿರಣವನ್ನು ಕಿಟಕಿಯ ಗಾಜು ತಡೆಯುವುದರಿಂದ ನಿಜವಾದ ಎಳೆ ಬಿಸಿಲೂ ಬೇಕು, ಪಕ್ಕದಲ್ಲಿ ನೆರಳೂ ಬೇಕು. ಭಾವ ದಿನಾ ಬೆಳಿಗ್ಗೆ ಪೇಪರ್ ಹಿಡಿದು ಆಚಾರ್ಯರ ಜೊತೆ ತಾರಸಿಗೆ ಹೋಗತೊಡಗಿದರು. ಸೀಗಡಿಯ ಜೊತೆ ಸೊಪ್ಪು, ಕ್ಯಾರೆಟ್ ತುರಿ ಸೇರಿತು. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಇರುತ್ತದೆ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು ಎಂದು ಡಾಕ್ಟರು ಹೇಳಿದ್ದು ಅಕ್ಕನಿಗೆ ಬಹಳ ಹಿಡಿಸಿತು. ಅವಳ ಮಡಿಗೆ ವಿಜ್ಞಾನದ ಬೆಂಬಲ ಸಿಕ್ಕಿದ್ದು ಅದೇ ಮೊದಲು. ಏಸಿ ನಿಂತಿತು, ಹೀಟರಿನಿಂದ ಏರಿದ ಕರೆಂಟ್ ಬಿಲ್ಲು ಅಲ್ಲಿಗೆ ಸರಿಹೋಯಿತು. ಎಡಕ್ಕೆ ವಾಲುತ್ತಿದ್ದವರು ನಿಧಾನವಾಗಿ ಮಧ್ಯಮಮಾರ್ಗಕ್ಕೆ ಮರಳಿದರು.

ನೀರಿನಲ್ಲಿರುವ ಪ್ರಾಣಿಗೆ ಉಸಿರಿನ ಚಿಂತೆ ಏಕೆ ಎಂದು ನಾವಂದುಕೊಳ್ಳುತ್ತೇವೆ. ಅಡ್ಯಾರ್‌ಗೆ ಹೊಂದಿಕೊಂಡ ಬೆಸೆಂಟ್ ನಗರದ ಕಡಲತೀರಕ್ಕೆ ಪ್ರತಿವರ್ಷ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. 1988ರಿಂದ ವಿದ್ಯಾರ್ಥಿಗಳ ತಂಡವೊಂದು ರಾತ್ರಿಯೆಲ್ಲ ನಡೆದು ಆ ಮೊಟ್ಟೆಗಳನ್ನು ಕಾಯುತ್ತಿದೆ. 2025ರ ಜನವರಿಯಲ್ಲಿ ಚೆನ್ನೈ ಕರಾವಳಿಗೆ ಅಂಥ ನೂರಾರು ಆಮೆಗಳ ಹೆಣ ಬಂದು ಬಿದ್ದವು. ಮೀನುಬಲೆಗೆ ಸಿಕ್ಕಿ, ಮೇಲೆ ಬಂದು ಉಸಿರೆಳೆಯಲಾಗದೆ ಮುಳುಗಿ ಸತ್ತಿರಬೇಕೆಂದು ತಜ್ಞರು ಹೇಳಿದರು. ಮನೆಯ ತೊಟ್ಟಿಯಲ್ಲಾಗಲಿ ಸಮುದ್ರದಲ್ಲಾಗಲಿ, ಆಮೆಗೂ ಗಾಳಿಯೇ ಬೇಕು.

ಆದ್ದರಿಂದ ಓದುಗರಲ್ಲಿ ಎರಡು ವಿನಂತಿ. ನಮ್ಮ ನಾಡಿನ ನಕ್ಷತ್ರ ಆಮೆಯನ್ನು ಮನೆಗೆ ತರಬೇಡಿ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ಸ್ಲೈಡರ್ ಬೇಸರವಾಯಿತೆಂದು ಕೆರೆಗೋ ಅಡ್ಯಾರ್ ನದಿಗೋ ಬಿಡಬೇಡಿ, ಅದು ಊರಿನ ಆಮೆಗಳ ಅನ್ನ ಕಸಿಯುತ್ತದೆ. ಇನ್ನು, ಕಾಸಿನಷ್ಟಗಲ ಇದೆಯೆಂದು ಕೊಂಡ ಮರಿ ತಟ್ಟೆಯಷ್ಟಗಲವಾಗಿ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಕೊಳ್ಳುವ ಮೊದಲು ಹಟ ಮಾಡುವ ಮಗನ ವಯಸ್ಸು ಹಾಗಿರಲಿ, ನಿಮ್ಮ ವಯಸ್ಸನ್ನೊಮ್ಮೆ ಕೂಡಿಸಿ ನೋಡಿ.