ಶರಣು ಅಣ್ಣಾರು

ಬಸವಕಲ್ಯಾಣದ ಯಾವ ಓಣಿಗೆ ಹೋದರೂ ಒಬ್ಬ ಶರಣು ಅಣ್ಣಾರು ಸಿಗುತ್ತಾರೆ. ಇಸ್ತ್ರಿ ಮುರಿಯದ ಬಿಳಿ ಜುಬ್ಬಾ, ಹಣೆ ತುಂಬ ವಿಭೂತಿ, ಹೆಗಲಿಗೊಂದು ಬಟ್ಟೆಯ ಚೀಲ. ಎದುರು ಬಂದವನು ಎಂಟು ವರ್ಷದ ಹುಡುಗನಾದರೂ ಸರಿ, ಎರಡೂ ಕೈ ಜೋಡಿಸಿ ‘ಶರಣು ಶರಣಾರ್ಥಿ’ ಅನ್ನುತ್ತಾರೆ. ಹೊಲದ ಆಳು ಎದುರಾದಾಗ ಮಾತ್ರ ಆ ಕೈ ಜುಬ್ಬಾದ ಜೇಬಿನಲ್ಲಿ ಏನನ್ನೋ ಹುಡುಕುತ್ತಿರುತ್ತದೆ. ಬಾಕಿ ಕೂಲಿಯನ್ನಂತೂ ಅಲ್ಲ.

108 ಅಡಿ ಎತ್ತರದ ಬಸವಣ್ಣನ ಮೂರ್ತಿ ಎದ್ದು, 2021ರಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿದ್ದಮೇಲಂತೂ ಅಣ್ಣಾರಿಗೆ ಪುರಸೊತ್ತೇ ಇಲ್ಲ. ಶಾಲೆಯ ಗ್ಯಾದರಿಂಗ್ ಇರಲಿ, ಟ್ರ್ಯಾಕ್ಟರ್ ಶೋರೂಮಿನ ಉದ್ಘಾಟನೆ ಇರಲಿ, ಮಾತು ಹರಳಯ್ಯನ ಮನೆಗೇ ಹೋಗಿ ನಿಲ್ಲುತ್ತದೆ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಹುಟ್ಟಿನ ಮಧುವರಸನ ಮಗಳನ್ನು ಕೊಟ್ಟದ್ದು, ಬಿಜ್ಜಳನ ಆಸ್ಥಾನ ಕೆರಳಿದ್ದು, ಬೀಗರಿಬ್ಬರಿಗೂ ಎಳೆಹೂಟೆ ಶಿಕ್ಷೆಯಾದದ್ದು. ಆನೆಯ ಕಾಲಿಗೆ ಕಟ್ಟಿದರು ಅನ್ನುವಲ್ಲಿಗೆ ಅಣ್ಣಾರ ಗಂಟಲು ಕಟ್ಟುತ್ತದೆ. ನಾಟಕವಲ್ಲ, ಖರೇನೇ ಕಟ್ಟುತ್ತದೆ. ಮುಂದಿನ ಸಾಲಿನ ತಾಯಂದಿರು ಕಣ್ಣಿಗೆ ಸೆರಗು ಒತ್ತಿಕೊಳ್ಳುತ್ತಾರೆ.

ಸಭೆಯಲ್ಲಿ ಹಂಚಿ ಉಳಿದ ಕರಪತ್ರಗಳನ್ನು ಅಣ್ಣಾರು ದಂಡ ಮಾಡುವವರಲ್ಲ. ಬೆನ್ನ ಮೇಲಿನ ಬಿಳಿ ಜಾಗದಲ್ಲಿ ಮಗಳ ಬಯೋಡಾಟಾ ಝೆರಾಕ್ಸ್ ಮಾಡಿಸಿದ್ದಾರೆ. ಮುಂದೆ: ‘ಜಾತಿ ಸುಟ್ಟ ನೆಲ ನಮ್ಮ ಕಲ್ಯಾಣ.’ ಹಿಂದೆ: ಎಂಎಸ್ಸಿ, ಐದಡಿ ಮೂರಿಂಚು, ಗೋಧಿ ಬಣ್ಣ, ಒಳಪಂಗಡ ನಮ್ಮದೇ ಆಗಿರಬೇಕು, ಬೇರೆಯವರು ಫೋನ್ ಮಾಡಬಾರದು. ಕೊನೆಯ ಮಾತಿಗೆ ಒಂದೊಂದು ಪ್ರತಿಯಲ್ಲೂ ಕೈಯಾರೆ ಎಳೆದ ಕೆಂಪು ಗೆರೆ. ಕಾಯಕ ಅಂದರೆ ಕಾಯಕ.

ಊರಿಗೆ ಇದು ಗೊತ್ತಿಲ್ಲವೆ? ಚೆನ್ನಾಗಿ ಗೊತ್ತು. ಸಿಟ್ಟು? ಅದೇನಿಲ್ಲ. “ಛಲೋ ಮಾತಾಡ್ತಾರಲ್ರಿ, ಇನ್ಯಾನ್ ಬೇಕು?” ಅನ್ನುತ್ತಾನೆ ಚಹಾದಂಗಡಿಯವ. ಮನೆಯವರ ಲೆಕ್ಕ ಇನ್ನೂ ಸರಳ: “ಭಾಷಣಕ್ಕ ಹೋಗ್ಲಿ ಬಿಡ್ರಿ. ಮನ್ಯಾಗಿದ್ರ ನಮಗ ಹೇಳ್ತಾರ.”

ನನಗೂ ಅವರ ಮೇಲೆ ಪೂರಾ ಸಿಟ್ಟು ಬರುವುದಿಲ್ಲ. ಹರಳಯ್ಯನ ಹೆಸರು ಹುಡುಗರ ಬಾಯಿಗೆ ಹತ್ತಿದ್ದು ಇಂಥವರ ಭಾಷಣದಿಂದಲೇ. ಕೇಳಿ ಕೇಳಿ ಓಣಿಯ ಹುಡುಗನೊಬ್ಬ ಬೇರೆ ಜಾತಿಯ ಹುಡುಗಿಯನ್ನು ಲಗ್ನವಾಗಿಯೇ ಬಿಟ್ಟ. ಅಣ್ಣಾರು ಆಹೇರಿ ಕಳಿಸಿದರು, ಊಟಕ್ಕೆ ಹೋಗಲಿಲ್ಲ. ಅವತ್ತು ಜಾತಿವಿನಾಶದ ಮೇಲೆ ಅವರ ಉಪನ್ಯಾಸ ಇತ್ತು.

ಇಷ್ಟಲಿಂಗ ಬಿಟ್ಟರೆ ಅಣ್ಣಾರಿಗೆ ಬೇರೆ ದೇವರಿಲ್ಲ; ಗುಡಿ, ಕಾಯಿ, ಹರಕೆ ಎಲ್ಲ ಮೌಢ್ಯ. ಈ ನೇಮ ಸಸ್ತಾಪುರ ಬಂಗ್ಲಾದವರೆಗೆ. ಅಲ್ಲಿ ಬಸ್ಸು ಹೆದ್ದಾರಿ ಹತ್ತಿ ಹುಮನಾಬಾದಿನ ಕಡೆ ಹೊರಳಿತೋ, ನೇಮ ಟಿಕೆಟ್ ತೆಗೆಸದೆ ಇಳಿದುಹೋಗುತ್ತದೆ. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ಮಗಳಿಗೆ ವರ ಕುದುರಬೇಕಲ್ಲ, ಅಣ್ಣಾರು ಮಫ್ಲರಿನಲ್ಲಿ ಅರ್ಧ ಮುಖ ಮುಚ್ಚಿ ಕಾಯಿ ಹಿಡಿದು ಪಾಳಿಯಲ್ಲಿ ನಿಂತಿದ್ದರು. ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ, ಹೋದ ವಾರವಷ್ಟೇ ಸ್ಥಾವರ ಪೂಜೆಯನ್ನು ಜಾಡಿಸಿದ ಸಭೆಯ ಅಧ್ಯಕ್ಷರು. ಅವರ ಕೈಯಲ್ಲಿ ಎರಡು ಕಾಯಿ.

“ಶರಣು ಶರಣಾರ್ಥಿ.”

“ಶರಣು ಶರಣಾರ್ಥಿ. ಯಾನಿಲ್ರಿ, ಮನಿಯವ್ರು ಹಟಾ ಹಿಡದ್ರು.”

“ನಮ್ಮ ಮನಿಯವ್ರೂ ಹಂಗೇರಿ. ಹೆಣ್ಮಕ್ಕಳಿಗಿ ತಿಳಿಸಿ ಹೇಳೋದು ಭಾಳ ಕಷ್ಟ.”

ಇಬ್ಬರ ಮನೆಯವರೂ ಆ ಹೊತ್ತಿಗೆ ಬಸವಕಲ್ಯಾಣದಲ್ಲಿ ರೊಟ್ಟಿ ಬಡಿಯುತ್ತಿದ್ದರು.